ಗಜನಿಯನ್ನು ಪಾಳು ಭೂಮಿ ಅನ್ನುವವರಿಗೆ

ಫೆಬ್ರವರಿ 2, ಜೌಗು ಪ್ರದೇಶ ದಿನ ಬಂತೆಂದರೆ ಜಿಲ್ಲೆಯ ವರದಿಗಾರರಾದ ನಮ್ಮ ವಾಟ್ಸಾಪಿಗೆ ಒಂದೇ ತರಹದ ಫೋಟೊಗಳು ಬರುತ್ತವೆ. ಹೊಳೆಯ ಕೆಸರಲ್ಲಿ ನಾಲ್ಕು ಕಾಂಡ್ಲಾ ಸಸಿ, ಹಿಂದೆ ಬ್ಯಾನರು, ಮುಂದೆ ಅತಿಥಿಗಳು. ‘ಸುದ್ದಿ ಹಾಕಿ’ ಎಂಬ ಕೋರಿಕೆ ಬೇರೆ. ಅದೇ ಹೊಳೆಯ ಒಡ್ಡು ಒಡೆದು ಗದ್ದೆಗೆ ಉಪ್ಪು ನುಗ್ಗಿದ ಫೋಟೊ ಯಾರೂ ಕಳಿಸುವುದಿಲ್ಲ.

2024ರ ಜನವರಿಯಲ್ಲಿ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ರಾಮ್‌ಸರ್ ಪಟ್ಟ ಸಿಕ್ಕಿತು. 4,801 ಹೆಕ್ಟೇರ್ ಜಾಗ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಸಂತೋಷವೇ. ಆದರೆ ಪಟ್ಟ ಒಡ್ಡು ಕಟ್ಟುವುದಿಲ್ಲ.

ಘಟ್ಟದ ಮೇಲಿನ ಓದುಗರಿಗೆ ಗಜನಿ ಅಂದರೆ ಏನೆಂದು ಹೇಳಬೇಕು. ಅಳಿವೆಯ ಪಕ್ಕದ ತಗ್ಗು ಗದ್ದೆಗಳವು. ಸುತ್ತ ಒಡ್ಡು, ಒಡ್ಡಿನಲ್ಲಿ ಹಲಗೆ ಬಾಗಿಲು. ಮಳೆಗಾಲದಲ್ಲಿ ಉಬ್ಬರ ಬಂದಾಗ ಬಾಗಿಲು ಹಾಕಿ, ಇಳಿತದಲ್ಲಿ ತೆಗೆದರೆ ಮಳೆ ನೀರು ಉಪ್ಪನ್ನು ತೊಳೆದು ಹೊರಗೆ ಒಯ್ಯುತ್ತದೆ. ಆಗ ಕಗ್ಗ ಭತ್ತ ಬಿತ್ತುತ್ತಾರೆ. ಎತ್ತರದ ಪೈರು, ಉಪ್ಪು ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲು ನೀರಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆಗೆದರೆ ಮೀನು, ಸೀಗಡಿ ಮರಿ ತಾವಾಗಿ ಒಳಗೆ ಬಂದು ಆ ಕೊಳೆತ ಹುಲ್ಲಿನಲ್ಲೇ ಬೆಳೆಯುತ್ತವೆ. ಹಕ್ಕಿಗಳಿಗೂ ಪಾಲು. ಒಂದೇ ಗದ್ದೆಯಲ್ಲಿ ಅಕ್ಕಿ, ಮೀನು ಎರಡೂ. ಇದನ್ನು ಯಾವ ಇಲಾಖೆಯೂ ಕಲಿಸಿಕೊಟ್ಟಿದ್ದಲ್ಲ.

ಇಂಥ ನೆಲಕ್ಕೆ ಪಾಳು ಅನ್ನುತ್ತಾರಲ್ಲ, ಅದನ್ನು ನಾವು ಒಪ್ಪುವುದಿಲ್ಲ. ಪಾಳು ಬಿದ್ದದ್ದು ಹೌದು, ಆದರೆ ಬೀಳಿಸಿದ್ದು ಯಾರು? 1990ರ ದಶಕದಲ್ಲಿ ಸೀಗಡಿ ಕೃಷಿಯ ಹುಚ್ಚು ಬಂತು, ಗಜನಿಗಳು ಕೊಳಗಳಾದವು. ರೋಗ ಬಂದು ಸೀಗಡಿ ಸತ್ತಿತು, ಹಣ ಹೂಡಿದವರು ಎದ್ದು ಹೋದರು. ಉಪ್ಪು ಉಳಿಯಿತು. ಮೀನಿನ ಹರಾಜು ಹಿಡಿದವನಿಗೆ ನೀರು ಒಳಗೆ ನಿಂತಷ್ಟು ದಿನ ಲಾಭ, ಕಗ್ಗ ಬಿತ್ತುವವನಿಗೆ ಅಷ್ಟೂ ದಿನ ನಷ್ಟ. ಬಾಗಿಲಿನ ಹಗ್ಗ ಯಾರ ಕೈಯಲ್ಲಿದೆ ಎಂಬುದೇ ಗಜನಿಯ ರಾಜಕೀಯ.

ಇನ್ನು ಸಸಿ ನೆಡುವವರ ವಿಷಯ. ಕಾಂಡ್ಲಾ ಬೇಕು. ಒಡ್ಡಿನ ಹೊರಮೈಯಲ್ಲಿ ಬೆಳೆದರೆ ಅಲೆಯ ಪೆಟ್ಟು ತಡೆಯುತ್ತದೆ. ಆದರೆ ಇಳಿತದಲ್ಲಿ ಹೆಂಗಸರು ಕೂತು ಬಳಚು ಹೆಕ್ಕುವ ಬಯಲು ಕೆಸರಿನಲ್ಲಿ ನೆಟ್ಟರೆ ಅವರ ಅನ್ನಕ್ಕೇ ಬೇಲಿ ಹಾಕಿದಂತೆ. ಎಲ್ಲಿ ನೆಡಬೇಕು ಎಂದು ಮೊದಲು ಅವರನ್ನು ಕೇಳಿ. ಬ್ಯಾನರಿನ ಖರ್ಚೂ ಉಳಿದೀತು.

ಊರಿನ ಮಾತು ನಡೆಯುವುದಿಲ್ಲ ಎಂದು ಹೇಳುವವರು ತದಡಿಯನ್ನು ನೆನಪಿಸಿಕೊಳ್ಳಲಿ. 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅಲ್ಲಿಗೆ ಬರುವುದಿತ್ತು. ಜನ ವಿರೋಧಿಸಿದರು, ಬರಲಿಲ್ಲ. ಮಾಣಿಕಟ್ಟಾದ ರೈತರು ಕಗ್ಗದ ಬೀಜವನ್ನು ಒಟ್ಟಾಗಿ ಉಳಿಸಿಕೊಂಡಿದ್ದಾರೆ. ಅವರು ಬಿತ್ತಿದ್ದು ಪಟ್ಟ ಬರುತ್ತದೆಂದು ಅಲ್ಲ, ಉಣ್ಣಲಿಕ್ಕೆ.

ಹಾಗಾಗಿ ಕುಮಟಾ ಕಡೆಯ ಓದುಗರಲ್ಲಿ ಕೇಳುತ್ತೇವೆ: 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಅದರ ಸದಸ್ಯರು ಯಾರು? ಬಳಚು ಹೆಕ್ಕುವ ಒಬ್ಬ ಹೆಂಗಸಾದರೂ ಇದ್ದಾಳೆಯೇ? ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಹರಾಜಿನ ಕರಾರಿನಲ್ಲಿ ಬಾಗಿಲು ಬಿಟ್ಟು ನೀರು ಖಾಲಿ ಮಾಡುವ ತಾರೀಖು ಹಾಕಿಸಿ. ಒಡ್ಡು ದುರಸ್ತಿಯನ್ನು ಕ್ರಿಯಾಯೋಜನೆಗೆ ಸೇರಿಸಿ, ಕೆಲಸ ಮೇ ತಿಂಗಳೊಳಗೆ ಮುಗಿಯಲಿ. ಜೂನಿನಲ್ಲಿ ಅಧಿಕಾರಿ ಬಂದರೆ ತೋರಿಸಲಿಕ್ಕೆ ಒಡೆದ ಜಾಗವೇ ನೀರಿನಡಿ ಇರುತ್ತದೆ.