ಕಣ್ಣ ಕೆಳಗಿನ ಊತವೂ ನಮ್ಮ ಹೆಣ್ಣುಮಕ್ಕಳೂ

ಮದುವೆಮನೆಯಲ್ಲಿ ನಾಲ್ಕು ಮಂದಿ ಹೆಂಗಸರು ಕಲೆತರೆ, ವಯಸ್ಸಿಗೆ ಬಂದ ಹುಡುಗಿಯರ ಮುಖವನ್ನು ಕುರಿತು ಒಂದು ಮಾತಾದರೂ ಹೊರಡದೆ ಇರದು. "ಏನಮ್ಮಾ, ರಾತ್ರಿಯೆಲ್ಲಾ ನಿದ್ದೆಗೆಟ್ಟೆಯಾ? ಕಣ್ಣ ಕೆಳಗೆ ಚೀಲ ಕಟ್ಟಿದೆಯಲ್ಲಾ!" ಎಂದು ಒಬ್ಬರು ಕೇಳುವರು, ಮತ್ತೊಬ್ಬರು ತಮಗೆ ತಿಳಿದ ಒಂದು ಲೇಪನದ ಹೆಸರು ಹೇಳುವರು, ಮೂರನೆಯವರು, ಈಗ ಪಟ್ಟಣಗಳಲ್ಲಿ ಒಂದು ಸೂಜಿಯಿಂದಲೇ ಇದನ್ನೆಲ್ಲಾ ಸರಿಪಡಿಸುತ್ತಾರಂತೆ ಎನ್ನುವರು. ಹುಡುಗಿಯು ತಲೆ ತಗ್ಗಿಸಿಕೊಂಡು ಒಳಗೆ ಹೋಗುವಳು. ಆ ಊತವು ಏತರಿಂದ ಬಂದಿತೆಂದು ವಿಚಾರಿಸುವವರು ಆ ಗುಂಪಿನಲ್ಲಿ ಒಬ್ಬರೂ ಇರುವುದಿಲ್ಲ. ಯಾರೂ ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡುವುದಕ್ಕಾಗಿಯೇ ನಾವು ಈ ಲೇಖನವನ್ನು ಬರೆಯುತ್ತಿರುವೆವು.

ನಮ್ಮ ಬಂಧುವರ್ಗದ ಒಂದು ಮನೆಯಲ್ಲಿ ನಡೆದುದನ್ನು ಮೊದಲು ಹೇಳುವೆವು. ಆ ಮನೆಯ ಮಗಳು ಕಾಲೇಜಿನಲ್ಲಿ ಓದುತ್ತಿದ್ದಳು. ಬಣ್ಣ ತಿಳಿಯಾಗಲೆಂದು ಯಾರೋ ತಂದುಕೊಟ್ಟ ಕ್ರೀಮನ್ನು ಕೆಲವು ತಿಂಗಳುಗಳಿಂದ ಮುಖಕ್ಕೆ ಹಚ್ಚುತ್ತಿದ್ದಳು. ಬಣ್ಣವೇನೋ ತಿಳಿಯಾಗಿತ್ತು, ಮನೆಯವರಿಗೆ ಸಂತೋಷವೂ ಆಗಿತ್ತು. ಅನಂತರ ಬೆಳಿಗ್ಗೆ ಎದ್ದಾಗ ಅವಳ ರೆಪ್ಪೆಗಳು ಬಾತಿರುವುದಕ್ಕೂ ಮಧ್ಯಾಹ್ನದ ಹೊತ್ತಿಗೆ ಆ ಬಾವು ಇಳಿಯುವುದಕ್ಕೂ ಮೊದಲಾಯಿತು. ಪರೀಕ್ಷೆಯ ಓದು ಕಾರಣವೆಂದು ತಂದೆ, ಉಪ್ಪಿನಕಾಯಿ ಕಾರಣವೆಂದು ಅಜ್ಜಿ. ಸೌತೆಕಾಯಿಯ ಬಿಲ್ಲೆಗಳನ್ನು ಕಣ್ಣ ಮೇಲೆ ಇಟ್ಟರು. ಇಳಿಯಲಿಲ್ಲವೆಂದು ಕಣ್ಣಿಗೆಂದೇ ಮಾರುವ ಬೇರೊಂದು ಕ್ರೀಮನ್ನು ಕೊಂಡರು. ಹೀಗೆ ಎರಡು ತಿಂಗಳು ಕಳೆದ ಮೇಲೆ ಪಾದಗಳೂ ಬಾತು, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲುವಂತಾದಾಗ ಅವಳನ್ನು ವೈದ್ಯರ ಬಳಿಗೆ ಕರೆದೊಯ್ದರು. ಆ ವೈದ್ಯರು ಕಣ್ಣಿಗೆ ಏನನ್ನೂ ಬರೆದುಕೊಡಲಿಲ್ಲ. ಮೂತ್ರವನ್ನು ಪರೀಕ್ಷೆ ಮಾಡಿಸಿದರು. ದೇಹದಲ್ಲಿ ನಿಲ್ಲಬೇಕಾದ ಪ್ರೋಟೀನು ಮೂತ್ರದಲ್ಲಿ ಹರಿದುಹೋಗುತ್ತಿದ್ದಿತು.

ಕಣ್ಣ ಕೆಳಗಿನ ಊತವೆಲ್ಲವೂ ಮೂತ್ರಪಿಂಡದ ರೋಗವೆಂದು ಯಾರೂ ಹೆದರಬೇಕಾಗಿಲ್ಲ. ಬಹುಮಂದಿಯಲ್ಲಿ ಅದು ನಿರಪಾಯವಾದುದೇ ಸರಿ. ಆದರೆ ಒಂದೇ ಹೆಸರಿನಿಂದ ಕರೆಯಲ್ಪಡುವ ಈ ಊತವು ವಾಸ್ತವದಲ್ಲಿ ನಾಲ್ಕಾರು ಬಗೆಯದು. ಒಂದಕ್ಕೆ ಹಿತವಾದುದು ಮತ್ತೊಂದಕ್ಕೆ ವ್ಯರ್ಥ, ಕೆಲವೊಮ್ಮೆ ಹಾನಿಕರ. ಬಗೆಯನ್ನು ತಿಳಿಯದೆ ಚಿಕಿತ್ಸೆಯನ್ನು ಆರಿಸುವುದು, ಬೀಗವನ್ನು ನೋಡದೆ ಬೀಗದಕೈ ಕೊಳ್ಳುವಂತಹ ಕೆಲಸವೆಂದು ನಮ್ಮ ಅಭಿಪ್ರಾಯ.

ರೆಪ್ಪೆಯ ಚರ್ಮವು ನಮ್ಮ ಮೈಮೇಲಿನ ಚರ್ಮಗಳಲ್ಲೆಲ್ಲಾ ಅತ್ಯಂತ ತೆಳುವಾದುದು. ಅದರ ಅಡಿಯ ಅಂಗಾಂಶವು ಸಡಿಲವಾಗಿರುವುದರಿಂದ ನೀರು ಅಲ್ಲಿ ಬೇಗನೆ ನಿಲ್ಲುತ್ತದೆ. ಇನ್ನೂ ಒಳಗೆ, ಕಣ್ಣುಗುಡ್ಡೆಗೆ ಮೆತ್ತೆಯಾಗಿ ಕೊಬ್ಬಿನ ಗಂಟುಗಳಿವೆ. ಕೆಳರೆಪ್ಪೆಯಲ್ಲಿ ಇವು ಮೂರು. ಅವುಗಳನ್ನು ಒಂದು ತೆಳುವಾದ ಪೊರೆಯು ಹಿಂದಕ್ಕೆ ತಡೆದು ಹಿಡಿದಿರುತ್ತದೆ. ವಯಸ್ಸಾದಂತೆ ಆ ಪೊರೆಯು ಸಡಿಲಗೊಂಡು ಕೊಬ್ಬು ಮುಂದಕ್ಕೆ ಉಬ್ಬುವುದುಂಟು. ಕೆಲವು ಮನೆತನಗಳಲ್ಲಿ ಎಳೆಯ ವಯಸ್ಸಿನಲ್ಲಿಯೇ ಹೀಗಿರುವುದುಂಟು. ತಾಯಿಯ, ಸೋದರತ್ತೆಯ ಹಳೆಯ ಭಾವಚಿತ್ರಗಳನ್ನು ತೆಗೆದು ನೋಡಿದರೆ ಎಷ್ಟೋ ವೇಳೆ ಉತ್ತರವು ಅಲ್ಲಿಯೇ ಸಿಕ್ಕುವುದು.

ನೀರಿನ ಊತವನ್ನೂ ಕೊಬ್ಬಿನ ಉಬ್ಬನ್ನೂ ಮನೆಯಲ್ಲಿಯೇ ಒಂದು ಮಟ್ಟಿಗೆ ಗುರುತಿಸಬಹುದು. ನೀರಿನದು ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ರಾತ್ರಿಯೆಲ್ಲಾ ಮಲಗಿದ್ದಾಗ ಮುಖದಲ್ಲಿ ಸೇರಿದ ನೀರು, ಎದ್ದು ಓಡಾಡಿದ ಮೇಲೆ ಕೆಳಕ್ಕೆ ಇಳಿಯುತ್ತದೆ. ಕೊಬ್ಬಿನದು ದಿನವೆಲ್ಲಾ ಹೆಚ್ಚುಕಡಿಮೆ ಒಂದೇ ಸಮನಾಗಿದ್ದು, ಕನ್ನಡಿಯ ಮುಂದೆ ನಿಂತು ದೃಷ್ಟಿಯನ್ನು ಮೇಲಕ್ಕೆತ್ತಿದಾಗ ಇನ್ನೂ ಎದ್ದು ಕಾಣುತ್ತದೆ. ಊತವೇ ಇಲ್ಲದೆ, ರೆಪ್ಪೆಗೂ ಕೆನ್ನೆಗೂ ನಡುವಿನ ಹಳ್ಳದ ನೆರಳನ್ನೇ ಊತವೆಂದು ಭಾವಿಸುವವರೂ ಉಂಟು.

ನಿದ್ದೆಗೆಟ್ಟು, ಅತ್ತು, ಉಪ್ಪು ತಿಂದು ಬಂದ ನೀರಿನ ಊತಕ್ಕೆ ಹಣ ಕೊಟ್ಟು ಕೊಳ್ಳುವ ಔಷಧವೇ ಬೇಡ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ಸಾಕು. ಸೌತೆಕಾಯಿಯೂ ಮಾಡುವುದು ಇದನ್ನೇ. ಅದರ ಗುಣವೆಲ್ಲಾ ಅದರ ತಂಪಿನಲ್ಲಿದೆ. ತಲೆದಿಂಬನ್ನು ತುಸು ಎತ್ತರಿಸಿ ಮಲಗುವುದರಿಂದಲೂ ಪ್ರಯೋಜನವುಂಟು. ದಿನಕ್ಕೆ ಒಬ್ಬರಿಗೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅದು ಒಂದು ಚಹಾ ಚಮಚದಷ್ಟು. ಸಾರು, ಪಲ್ಯ, ಹಪ್ಪಳ, ಉಪ್ಪಿನಕಾಯಿ ಎಲ್ಲವೂ ಸೇರಿ ಅಷ್ಟೇ! ಈ ಲೆಕ್ಕವನ್ನು ಬರೆಯುವಾಗ ನಮಗೆ ನಮ್ಮ ಊಟದ ಎಲೆಯೇ ಕಣ್ಣಮುಂದೆ ಬಂದಿತೆಂದು ಒಪ್ಪಿಕೊಳ್ಳಬೇಕು. ಕಾಫಿಯ ಸತ್ತ್ವವಾದ ಕೆಫೀನನ್ನು ಬೆರೆಸಿದ ಕ್ರೀಮುಗಳು ರಕ್ತನಾಳಗಳನ್ನು ಕುಗ್ಗಿಸಿ ಕೆಲವು ಗಂಟೆಗಳ ಮಟ್ಟಿಗೆ ಅಲ್ಪಸ್ವಲ್ಪ ಊತವನ್ನು ಇಳಿಸಬಲ್ಲವು. ಕೊಬ್ಬಿನ ಉಬ್ಬನ್ನು ಕರಗಿಸುವ ಶಕ್ತಿ ಯಾವ ಕ್ರೀಮಿಗೂ ಇಲ್ಲ, ಡಬ್ಬಿಯ ಮೇಲೆ ಏನೇ ಅಚ್ಚಾಗಿರಲಿ.

ಊತದೊಡನೆ ತುರಿಕೆಯೂ ಸೀನೂ ಇದ್ದರೆ ಅದು ಯಾವುದೋ ಒಂದು ವಸ್ತು ಮೈಗೆ ಒಗ್ಗದುದರ ಗುರುತು. ಧೂಳು, ಪರಾಗ, ಹೊಸ ಕಾಡಿಗೆ, ತಲೆಗೆ ಹಚ್ಚುವ ಬಣ್ಣ, ಇವುಗಳಲ್ಲಿ ಯಾವುದೂ ಆಗಬಹುದು. ನಮ್ಮ ನಾಡಿನ ಬಯಲುಗಳಲ್ಲಿ ಹಬ್ಬಿರುವ ಕಾಂಗ್ರೆಸ್ ಗಿಡದ ಪರಾಗವೂ ಈ ಪಟ್ಟಿಗೆ ಸೇರಿದೆ. ಕಾರಣವಾದುದನ್ನು ದೂರವಿಡುವುದೂ ವೈದ್ಯರು ಕೊಡುವ ಅಲರ್ಜಿಯ ಗುಳಿಗೆಯೂ ಇಲ್ಲಿ ಕೆಲಸಮಾಡುತ್ತವೆ. ಕಣ್ಣನ್ನು ಉಜ್ಜುವುದರಿಂದ ಊತವೂ ಕಪ್ಪೂ ಎರಡೂ ಹೆಚ್ಚುವುವು.

ಕೊಬ್ಬಿನ ಉಬ್ಬಿಗೆ ನಿಜವಾದ ಪರಿಹಾರವೆಂದರೆ ಶಸ್ತ್ರಚಿಕಿತ್ಸೆ. ರೆಪ್ಪೆಯ ಒಳಮೈಯಿಂದ ಕೊಯ್ದು, ಹೊರಗೆ ಗಾಯದ ಗುರುತು ಕಾಣದಂತೆ ಕೊಬ್ಬನ್ನು ತೆಗೆಯುವ ಕ್ರಮವನ್ನು ಪ್ಯಾರಿಸಿನ ಶಸ್ತ್ರವೈದ್ಯ ಬೂರ್ಗೆ ಎಂಬಾತನು ೧೯೨೪ರಲ್ಲಿಯೇ ವಿವರಿಸಿದನು. ಈಗಿನ ವೈದ್ಯರು ಅನೇಕ ವೇಳೆ ಕೊಬ್ಬನ್ನು ತೆಗೆದು ಬಿಸುಡದೆ, ಕೆಳಗಿನ ಹಳ್ಳಕ್ಕೆ ಸರಿಸಿ ತುಂಬುತ್ತಾರೆ. ಹೆಚ್ಚು ತೆಗೆದರೆ ಮುಂದೆ ಕಣ್ಣು ಗುಳಿಬಿದ್ದಂತೆ ಕಾಣುವುದೆಂದು ಅನುಭವದಿಂದ ಕಲಿತಿದ್ದಾರೆ. ತಕ್ಕವರಿಗೆ, ನುರಿತವರ ಕೈಯಲ್ಲಿ, ಇದರ ಫಲವು ಬಹುಕಾಲ ನಿಲ್ಲುವುದು. ಆದರೆ ಇದು ಕಣ್ಣಿನ ನೆರೆಯಲ್ಲಿ ನಡೆಯುವ ಕೊಯ್ತವೆಂಬುದನ್ನು ಮರೆಯಕೂಡದು. ಕಣ್ಣು ಒಣಗುವುದು, ಕೆಳರೆಪ್ಪೆ ಜಗ್ಗಿ ಹೊರಳುವುದು ಮುಂತಾದ ತೊಂದರೆಗಳುಂಟು. ಸುಮಾರು ಎರಡು ಸಾವಿರ ರೆಪ್ಪೆಯ ಶಸ್ತ್ರಚಿಕಿತ್ಸೆಗಳಲ್ಲಿ ಒಂದರಲ್ಲಿ ಕಣ್ಣುಗುಡ್ಡೆಯ ಹಿಂದೆ ರಕ್ತ ಸೇರುವುದೆಂದು ಲೆಕ್ಕ. ತೀವ್ರವಾದ ನೋವೂ ಬಿಗುವೂ ಬಂದು ದೃಷ್ಟಿ ಮಂಜಾದರೆ ಮರುದಿನಕ್ಕೆ ಕಾಯದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಧಾವಿಸಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು.

ಮದುವೆಮನೆಯ ಆ ಮೂರನೆಯವರು ಹೇಳಿದ ಸೂಜಿಯು ಹಳ್ಳಕ್ಕೆ ಹೊರತು ಊತಕ್ಕೆ ಅಲ್ಲ. ಹಯಲುರಾನಿಕ್ ಆಮ್ಲವೆಂಬ ಲೋಳೆಯಂತಹ ವಸ್ತುವನ್ನು ಚುಚ್ಚಿ ಹಳ್ಳವನ್ನು ತುಂಬುತ್ತಾರೆ. ಅದಕ್ಕೆ ನೀರನ್ನು ಹೀರುವ ಸ್ವಭಾವವಿರುವುದರಿಂದ, ನೀರಿನ ಊತವಿದ್ದವರಿಗೆ ಚುಚ್ಚಿದರೆ ಊತವು ಹೆಚ್ಚುವುದೇ ಸಂಭವ. ಅಪರೂಪವಾದರೂ, ರಕ್ತನಾಳದೊಳಕ್ಕೆ ಸೇರಿ ಕಣ್ಣು ಕಳೆದುಕೊಂಡವರೂ ಉಂಟು. ಅಮೆರಿಕದ ಸರಕಾರವು ಕಣ್ಣ ಕೆಳಗಿನ ಹಳ್ಳಕ್ಕೆಂದು ಇಂತಹ ವಸ್ತುವೊಂದಕ್ಕೆ ೨೦೨೨ರಲ್ಲಿ ಒಪ್ಪಿಗೆ ಕೊಟ್ಟಾಗ ೨೧ ವರ್ಷ ಮೀರಿದವರಿಗೆ ಮಾತ್ರವೆಂದು ವಿಧಿಸಿತು. ನಮ್ಮಲ್ಲಿ ಹೆಣ್ಣು ನೋಡಲು ಬರುವವರ ದಿನವನ್ನು ಗೊತ್ತುಮಾಡಿಕೊಂಡು ಹದಿನೆಂಟು, ಹತ್ತೊಂಬತ್ತರ ಮಗಳನ್ನು ಸೂಜಿಗೂ ಶಸ್ತ್ರಕ್ಕೂ ಕರೆದೊಯ್ಯುವ ತಾಯಂದಿರು ಇದನ್ನು ಯೋಚಿಸಲಿ. ನಲವತ್ತು ಐವತ್ತರ ಹೆಂಗಸೊಬ್ಬಳು ಸಾಧಕಬಾಧಕಗಳನ್ನು ತಿಳಿದು, ತನ್ನ ಮನಸ್ಸಿನಿಂದಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಅದನ್ನು ಆಕ್ಷೇಪಿಸಲು ನಾವು ಯಾರು? ಪರರ ಕಣ್ಣಿಗಾಗಿ ಎಳೆಯಳೊಬ್ಬಳ ಕಣ್ಣನ್ನು ಅಪಾಯಕ್ಕೆ ಒಡ್ಡುವುದನ್ನು ಮಾತ್ರ ನಾವು ಒಪ್ಪಲಾರೆವು.

ಇನ್ನು ನಾವು ಮೊದಲು ಹೇಳಿದ ಮನೆಗೆ ಹಿಂದಿರುಗುವೆವು. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ ೧೫೦ ಮಿಲಿಗ್ರಾಮಿಗಿಂತ ಹೆಚ್ಚು ಪ್ರೋಟೀನು ಹೋಗುವುದಿಲ್ಲ. ಮೂತ್ರಪಿಂಡದ ಜರಡಿ ಕೆಟ್ಟಾಗ ಅದು ೩.೫ ಗ್ರಾಮನ್ನು ಮೀರಿ ಹೋಗುವುದುಂಟು. ಆಗ ರಕ್ತದಲ್ಲಿ ನೀರನ್ನು ಹಿಡಿದಿಡುವ ಬಲವು ಕುಂದಿ, ಉಪ್ಪೂ ನೀರೂ ದೇಹದಲ್ಲಿ ಉಳಿದು, ಮೊದಲು ರೆಪ್ಪೆಯಲ್ಲಿಯೂ ಆಮೇಲೆ ಪಾದದಲ್ಲಿಯೂ ಬಾವು ಕಾಣುತ್ತದೆ. ಹುಡುಗಿಗೆ ಈ ರೋಗವು ಎಲ್ಲಿಂದ ಬಂದಿತು? ವೈದ್ಯರು ಕೇಳಿದ ಎರಡನೆಯ ಪ್ರಶ್ನೆಯೇ, "ಮುಖಕ್ಕೆ ಏನು ಹಚ್ಚುತ್ತೀಯಮ್ಮಾ?" ಎಂಬುದು.

ಅವರು ಹಾಗೆ ಕೇಳಿದುದಕ್ಕೆ ಕಾರಣವಿತ್ತು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ ಎಂಬ ಊರಿನಲ್ಲಿ ಮೂತ್ರಪಿಂಡದ ವೈದ್ಯರು ೨೦೨೧ರ ಜುಲೈಯಿಂದ ೨೦೨೩ರ ಸೆಪ್ಟೆಂಬರಿನವರೆಗೆ ಈ ಜಾತಿಯ ಒಂದು ರೋಗವಿದ್ದ ೨೨ ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ ೧೫ ಮಂದಿಯ ರೋಗವು ಅಪರೂಪವಾದ ಒಂದೇ ಬಗೆಯದಾಗಿತ್ತು. ಆ ೧೫ರಲ್ಲಿ ೧೩ ಮಂದಿ ಮುಖದ ಬಣ್ಣ ತಿಳಿಯಾಗಿಸುವ ಕ್ರೀಮುಗಳನ್ನು ಹಚ್ಚುತ್ತಿದ್ದವರು! ಪಾದರಸವು ಚರ್ಮದಲ್ಲಿ ಕಪ್ಪುಬಣ್ಣ ಹುಟ್ಟುವುದನ್ನು ತಡೆಯುತ್ತದೆ. ಬಣ್ಣ ಬೇಗನೆ ತಿಳಿಯಾಗುವುದು ಅದರಿಂದಲೇ. ಚರ್ಮದ ಮೂಲಕ ಒಳಸೇರಿದ ಅದೇ ಪಾದರಸವು ಮೂತ್ರಪಿಂಡದಲ್ಲಿ ಸಂಗ್ರಹವಾಗುತ್ತದೆ. ಆ ರೋಗಿಗಳಲ್ಲಿ ಹೆಚ್ಚಿನವರು ಕ್ರೀಮನ್ನು ಬಿಟ್ಟ ಮೇಲೆ ಗುಣಹೊಂದಿದರೆಂಬುದು ಸಮಾಧಾನದ ಮಾತು. ನಮ್ಮ ಹುಡುಗಿಯೂ ಹಲವು ತಿಂಗಳ ಚಿಕಿತ್ಸೆಯಿಂದ ಗುಣವಾದಳು. ಆ ವರ್ಷದ ಪರೀಕ್ಷೆಯು ಮಾತ್ರ ತಪ್ಪಿಹೋಯಿತು. ಕಣ್ಣ ಊತಕ್ಕೆಂದು ಎರಡನೆಯ ಕ್ರೀಮನ್ನು ಹುಡುಕುತ್ತಿದ್ದ ಆ ಎರಡು ತಿಂಗಳುಗಳಲ್ಲಿ ಮೊದಲನೆಯ ಕ್ರೀಮನ್ನು ಅವಳು ಒಂದು ದಿನವೂ ಬಿಟ್ಟಿರಲಿಲ್ಲವೆಂಬುದನ್ನು ನೆನೆದರೆ ಈಗಲೂ ನಮ್ಮ ಎದೆ ಹಿಂಡಿದಂತಾಗುವುದು.

ಪಾದರಸ ಬೆರೆತ ಇಂತಹ ಲೇಪನಗಳನ್ನು ತಡೆಯಲು ಮಿನಮಾಟ ಒಪ್ಪಂದವೆಂಬ ಅಂತರರಾಷ್ಟ್ರೀಯ ಕಟ್ಟಳೆಯಿದೆ; ಭಾರತವು ೨೦೧೮ರಲ್ಲಿ ಅದನ್ನು ಅಂಗೀಕರಿಸಿತು. ಆದರೂ ತಯಾರಿಸಿದವರ ವಿಳಾಸವಿಲ್ಲದ ಡಬ್ಬಿಗಳು ಕೈಯಿಂದ ಕೈಗೆ ಬರುತ್ತಲೇ ಇವೆ. ಸ್ಟೀರಾಯ್ಡ್ ಬೆರೆಸಿದವುಗಳೂ ಉಂಟು. ಅವು ಚರ್ಮವನ್ನು ತೆಳುವಾಗಿಸುವುದಲ್ಲದೆ, ಕಣ್ಣ ಸುತ್ತ ಬಹುಕಾಲ ಹಚ್ಚಿದರೆ ಕಣ್ಣೊಳಗಿನ ಒತ್ತಡವನ್ನೂ ಏರಿಸಬಲ್ಲವು.

ಆದುದರಿಂದ ಮಗಳ ರೆಪ್ಪೆಗಳು ವಾರಗಟ್ಟಲೆ ಬೆಳಿಗ್ಗೆ ಬಾಯುತ್ತಿದ್ದರೆ, ಅದರೊಡನೆ ಕಾಲು ಬಾತರೆ, ಮೂತ್ರವು ನೊರೆನೊರೆಯಾಗಿದ್ದರೆ, ಅಥವಾ ಮೈ ತೂಕವೇರಿ ಚಳಿ ತಡೆಯದಂತಾಗಿ ಥೈರಾಯ್ಡ್ ಗ್ರಂಥಿಯ ಸಂಶಯ ಹುಟ್ಟಿದರೆ, ಅಂಗಡಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗತಕ್ಕದ್ದು. ಮೂತ್ರದ ಪರೀಕ್ಷೆಗೆ ತಗಲುವ ವೆಚ್ಚವು ಒಂದು ಕ್ರೀಮಿನ ಬೆಲೆಗಿಂತ ಹೆಚ್ಚಾಗಿರಲಾರದು. ಒಂದೇ ಕಣ್ಣು ಥಟ್ಟನೆ ಬಾತು ಕೆಂಪಾಗಿ ನೋಯುತ್ತಿದ್ದರೆ ಅದೇ ದಿನವೇ ತೋರಿಸಬೇಕು.

ಹೋಗುವಾಗ ಅವಳು ಹಚ್ಚುತ್ತಿರುವ ಡಬ್ಬಿಗಳನ್ನೆಲ್ಲಾ ಒಂದು ಚೀಲದಲ್ಲಿ ಬಾಯಿಕಟ್ಟಿ ಜೊತೆಗೆ ಒಯ್ಯಿರಿ. ಹೆದರಿ ಹೊರಗೆ ಎಸೆದುಬಿಡಬೇಡಿರಿ. ಯಾವುದಾದರೂ ಡಬ್ಬಿಯ ಮೇಲೆ, ಇದನ್ನು ಹಚ್ಚುವಾಗ ಚಿನ್ನ ಬೆಳ್ಳಿಯ ಒಡವೆಗಳಿಗೆ ತಾಗಿಸಬೇಡಿರೆಂದು ಬರೆದಿದ್ದರೆ ಅದನ್ನು ವೈದ್ಯರಿಗೆ ಮೊದಲು ತೋರಿಸಿರಿ. ಚಿನ್ನವನ್ನು ಕೆಡಿಸುವ ಪಾದರಸವು ಅದರಲ್ಲಿ ಇರುವ ಸಂಭವವುಂಟು.