ಐನ್‌ಮನೆಯ ದೀಪ ಆರಬಾರದು

ಕೊಡಗು ಕನ್ನಡ ನಾಡಿನ ಚಿಕ್ಕ ಸೀಮೆ. 1956ನೆಯ ನವೆಂಬರ 1ರಂದು ಅದು ನಮ್ಮ ಹಿರಿಯ ಮನೆಯನ್ನು ಸೇರಿತು. 'ದೊಡ್ಡ ರಾಜ್ಯದಲ್ಲಿ ನಮ್ಮ ದನಿ ಕೇಳೀತೆ?' ಎಂದು ಅಲ್ಲಿಯ ಕೆಲವರು ಅಂದು ಶಂಕಿಸಿದ್ದರು. ಆ ಶಂಕೆಗೆ ಉತ್ತರ ಕೊಡುವ ಹೊಣೆಯು ಏಕೀಕರಣವನ್ನು ಬಯಸಿದ ನಮ್ಮೆಲ್ಲರದು.

ಖಾನೇಷುಮಾರಿಯ ಅಂಕೆಗಳನ್ನು ನೋಡಿರಿ. 1901ರಲ್ಲಿ 1,80,607 ಇದ್ದ ಕೊಡಗಿನ ಜನಸಂಖ್ಯೆಯು 1931ರಲ್ಲಿ 1,63,327ಕ್ಕೆ ಇಳಿದಿದ್ದಿತು. ಮುಂದೆ ಏರಿ 2001ರಲ್ಲಿ 5,48,561 ಆಯಿತು. ಆದರೆ 2011ರಲ್ಲಿ ಅದು 5,54,519 ಮಾತ್ರ. ಆ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆಯು ನೂರಕ್ಕೆ 15ಕ್ಕಿಂತ ಹೆಚ್ಚು ಬೆಳೆದರೆ, ಕೊಡಗಿನದು ನೂರಕ್ಕೆ ಒಂದರಷ್ಟು ಬೆಳೆಯಿತು. ಓದಿದ ತರುಣರು ಉದ್ಯೋಗವನ್ನರಸಿ ಬೆಂಗಳೂರಿಗೂ ಪರದೇಶಗಳಿಗೂ ಹೋಗುತ್ತಿರುವರು.

ಇದರ ಪೆಟ್ಟು ಮೊದಲು ತಗಲುವದು ಐನ್‌ಮನೆಗೆ. ಐನ್‌ಮನೆಯೆಂದರೆ ಒಂದು ಒಕ್ಕದ ಮೂಲಮನೆ. ಕೆತ್ತನೆಯ ಮರದ ಕಂಬಗಳು, ಹಿರಿಯರು ಕೂಡ್ರುವ ಐಮರ, ನಡುಮನೆಯ ತೂಗುದೀಪ, ಬಳಿಯಲ್ಲಿ ಪೂರ್ವಜರ ಕೈಮಡ, ಇವು ಅದರ ಲಕ್ಷಣಗಳು. ಪುತ್ತರಿಯಂದು ಚದರಿದ ಒಕ್ಕವೆಲ್ಲ ಅಲ್ಲಿ ಕೂಡಿ ಹೊಸ ಕದಿರನ್ನು ಮನೆ ತುಂಬಿಸಿಕೊಳ್ಳುವದು. ಕೊಡವರಂತೆ ಅರೆಭಾಷೆಯ ಗೌಡರಿಗೂ ಐನ್‌ಮನೆಗಳುಂಟು. ಆದುದರಿಂದ ಇದು ಒಂದೇ ಪಂಗಡದ ಮಾತಲ್ಲ.

ವಕೀಲನಾದ ನಾನು ಇಲ್ಲಿಯ ತೊಡಕನ್ನು ಬಲ್ಲೆ. ಮನೆಯು ಒಕ್ಕದ ಸಾಮಾಯಿಕ ಸ್ವತ್ತು; ಯಾವನೊಬ್ಬನೂ ತನ್ನದೆಂದು ಮಾರುವದು ಪದ್ಧತಿಗೆ ಸಲ್ಲದು. ಈ ಪದ್ಧತಿಯೇ ಅದನ್ನು ತಲೆಮಾರುಗಳಿಂದ ಕಾಯ್ದಿದೆ. ಆದರೆ ಪಾಲು ಎಲ್ಲರಿಗೂ ಇರುವಲ್ಲಿ, ಒಡೆದ ಹೆಂಚನ್ನು ಬದಲಿಸುವವರು ಯಾರೆಂಬುದು ಇತ್ಯರ್ಥವಾಗುವದಿಲ್ಲ. ಸ್ಮಾರಕಗಳನ್ನು ಕಾಯುವ ರಾಜ್ಯದ 1961ರ ಕಾಯಿದೆಯನ್ನು ಇಲ್ಲಿಗೆ ತರೋಣವೆಂದರೆ, ಕೋಟೆ ದೇಗುಲಗಳಿಗೆ ಒಪ್ಪುವ ಆ ಕಟ್ಟುಪಾಡು ಒಲೆ ಉರಿಯುವ ಮನೆಗೆ ಒಗ್ಗದು. ತಮ್ಮ ಮನೆಯ ಗೋಡೆ ಮುಟ್ಟಲು ಅಪ್ಪಣೆ ಬೇಡಬೇಕಾದವರು ಆ ಮನೆಗೆ ಬಂದಾರೆಯೆ?

ಆದುದರಿಂದ ನಮ್ಮ ಸೂಚನೆಗಳು ಎರಡು. ಪ್ರತಿಯೊಂದು ಒಕ್ಕವೂ ದುರಸ್ತಿಗಾಗಿ ಒಂದು ನಿಧಿಯನ್ನು ಕೂಡಿಸಲಿ; ದೂರದಲ್ಲಿ ಗಳಿಸುವವರು ಅದಕ್ಕೆ ಮೊದಲು ಕೈಯಿಕ್ಕಲಿ. ಒಕ್ಕವು ಕೂಡಿಸಿದಷ್ಟೇ ಹಣವನ್ನು ಸರಕಾರವೂ ಕೊಡಲಿ. ಹಳೆಯ ಮರಗೆಲಸವನ್ನು ಬಲ್ಲವರನ್ನು ಈ ಕಾರ್ಯಕ್ಕೆ ಹಚ್ಚಲಿ. ಸೋರುವ ಮಾಳಿಗೆಯು ಯೋಜನೆಗಳಿಗಾಗಿ ಕಾಯುವದಿಲ್ಲ.

ಕೊಡಗಿನ ಬಂಧುಗಳೇ, ಬರುವ ಪುತ್ತರಿಯಂದು ಕದಿರು ತಂದ ಬಳಿಕ ಒಂದು ಗಳಿಗೆ ಕುಳಿತು ಈ ಲೆಕ್ಕವನ್ನು ಬರೆಯಿರಿ. ಬೆಂಗಳೂರಿನಲ್ಲಿ ಕುಳಿತಿರುವ ಅಧಿಕಾರಿಗಳಿಗೆ ಅದನ್ನು ಮುಟ್ಟಿಸುವ ಕೆಲಸವು ಉಳಿದ ಕನ್ನಡಿಗರದಾಗಲಿ.