ಸಂಪಾದಕರ ಕುರ್ಚಿಗೆ ಕನ್ನಡದ ಕಿವಿ ಬೇಕು!

ಗೆಳೆಯರೇ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1965ರಲ್ಲಿ. 1970ರಲ್ಲಿ ಅದು ಸಂಶೋಧನಾ ಪತ್ರಿಕೆಯನ್ನೂ ಆರಂಭಿಸಿತು. ಭಾಷೆ ಇಂಗ್ಲಿಷ್! ಇರಲಿ, ಲೋಕಕ್ಕೆ ಮುಟ್ಟಬೇಕಲ್ಲ. ಆದರೆ ಲಕ್ವ ಹೊಡೆದು ಮಾತು ಕೆಟ್ಟ ಕನ್ನಡಿಗ ‘ಅಮ್ಮ ಬಂದಳು’ ಎನ್ನಲು ಹೋಗಿ ‘ಅಮ್ಮ ಬಂದ’ ಎಂದರೆ? ಜಾರಿದ ಆ ‘ಳು’ ಇಂಗ್ಲಿಷ್ ಪರೀಕ್ಷೆಗೆ ಸಿಕ್ಕೀತೆ? ಇಂಗ್ಲಿಷಿನ ಕ್ರಿಯಾಪದಕ್ಕೆ ಗಂಡು ಹೆಣ್ಣೆಂಬ ಭೇದವೇ ಇಲ್ಲ!

ಯಾವ ಲೇಖನ ಅಚ್ಚಾಗಬೇಕು, ಅದನ್ನು ಯಾರು ಪರಿಶೀಲಿಸಬೇಕು ಎಂದು ತೀರ್ಮಾನಿಸುವುದು ಸಂಪಾದಕರು. ನಾಳೆ ಆ ಹೊಣೆ ಹೊರುವವರು ಕನ್ನಡ ರೋಗಿಗಳ ಕುರಿತ ಪ್ರತಿ ಲೇಖನವನ್ನೂ ಕನ್ನಡ ಬಲ್ಲವರಿಂದಲೇ ಪರಿಶೀಲಿಸಲಿ. ಜೊತೆಗೊಂದು ಕನ್ನಡ ಸಾರಾಂಶ ಕಡ್ಡಾಯವಾಗಲಿ. ರೋಗಿಯ ಮನೆಯವರೂ ಓದಲಿ!

ವಾಕ್ ಶ್ರವಣ ಓದುತ್ತಿರುವ ತಮ್ಮ ತಂಗಿಯರೇ, ಬರೀ ಬೇಡಿಕೆ ಸಾಲದು. ಆ ಕುರ್ಚಿಗೆ ನೀವೇ ಸಿದ್ಧರಾಗಿ!